ಯಾವ ಗಾಯಕ್ಕೆ ಯಾವ ಡ್ರೆಸಿಂಗ್?

"ಸಿಸ್ಟರ್, ಪಟ್ಟಿ ಬೇಡ, ಗಾಳಿ ಆಡಲಿ, ಬೇಗ ಒಣಗುತ್ತೆ." ಸರ್ಜಿಕಲ್ ವಾರ್ಡಿನ ಡ್ರೆಸಿಂಗ್ ರೂಮಿನಲ್ಲಿ ಕೆಲಸ ಮಾಡುವ ನಾನು ಈ ಮಾತನ್ನು ದಿನವೂ ಕೇಳುತ್ತೇನೆ. 1962ರಲ್ಲೇ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲೆ ಪರೀಕ್ಷೆ ಮಾಡಿ, ಇದು ಸರಿಯಲ್ಲ ಅಂತ ತೋರಿಸಿದ್ದರು. ಪಾಲಿಥಿನ್ ಹಾಳೆ ಮುಚ್ಚಿ ತೇವವಾಗಿಟ್ಟ ಗಾಯದಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಬೆಳೆಯಿತು. ಗಾಳಿಗೆ ಬಿಟ್ಟರೆ ಹಕ್ಕಳೆ ಕಟ್ಟುತ್ತದೆ, ಆಗ ಹೊಸ ಚರ್ಮ ಅದರ ಅಡಿಯಲ್ಲಿ ನುಸುಳಿಕೊಂಡು ಬರಬೇಕು.

ಬೈಕಿನಿಂದ ಬಿದ್ದು ಮೊಣಕಾಲು ತರಚಿಕೊಂಡು ಬಂದವರಿಗೆ ದುಬಾರಿಯದೇನೂ ಬೇಡ. ಸಲೈನ್ ಇಲ್ಲವೇ ಶುದ್ಧ ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆದು ಮಣ್ಣು, ಜಲ್ಲಿಪುಡಿ ತೆಗೆಯಬೇಕು. ಟಿಟಿ ಇಂಜೆಕ್ಷನ್ ಬೇಕಾ ಅಂತ ನೋಡಬೇಕು. ಮೇಲೆ ಪ್ಯಾರಾಫಿನ್ ಸವರಿದ ಜಾಳಿಗೆ ಬಟ್ಟೆ, ಅದರ ಮೇಲೆ ಗಾಜ್, ಅಂದರೆ ತೆಳು ಹತ್ತಿ ಬಟ್ಟೆ. ಒಣ ಗಾಜ್ ಬಟ್ಟೆಯನ್ನೇ ನೇರ ಇಟ್ಟರೆ ಅದು ಅಂಟುತ್ತದೆ, ಮರುದಿನ ಎಳೆಯುವಾಗ ಹೊಸ ಚರ್ಮವೂ ಕಿತ್ತು ಬರುತ್ತದೆ. ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ಸುರಿದರೆ ಕ್ಲೀನ್ ಆಯ್ತು ಅನಿಸುತ್ತೆ. ಆದರೆ ಅದು ಬೆಳೆಯುತ್ತಿರುವ ಜೀವಕೋಶಗಳನ್ನೂ ಸುಡುತ್ತದೆ.

ಸುಟ್ಟ ಗಾಯಕ್ಕೆ ಬಾಳೆ ಎಲೆಯ ಡ್ರೆಸಿಂಗ್ ಇದೆ, ಗೊತ್ತಾ? ಮುಂಬೈನ ವೈದ್ಯರು ಅದನ್ನು ವ್ಯಾಸಲೀನ್ ಗಾಜ್ ಜೊತೆ ಹೋಲಿಸಿ 2003ರಲ್ಲಿ ಪ್ರಕಟಿಸಿದರು. ಬಾಳೆ ಎಲೆ ಅಂಟಲಿಲ್ಲ, ಬಿಚ್ಚುವಾಗ ನೋವೂ ಕಡಿಮೆ. ನನಗೆ ಇದು ತುಂಬಾ ಇಷ್ಟವಾದ ಸಂಶೋಧನೆ. ಆದರೆ ಆ ಎಲೆಯನ್ನು ಆಟೋಕ್ಲೇವ್ ಮಾಡಿರುತ್ತಾರೆ, ಅಂದರೆ ಒತ್ತಡದ ಬಿಸಿ ಹಬೆಯಲ್ಲಿ ಕ್ರಿಮಿ ಕೊಂದಿರುತ್ತಾರೆ. ಹಿತ್ತಲಿನ ಎಲೆ ಕೊಯ್ದು ಹಾಗೇ ಹಾಕಬೇಡಿ.

ತಿಂಗಳುಗಟ್ಟಲೆ ಮಾಯದ ಹುಣ್ಣಿನಲ್ಲಿ ನಾನು ಮೊದಲು ನೋಡುವುದು ಎಷ್ಟು ರಸಿಗೆ ಸೋರುತ್ತಿದೆ ಅಂತ. ಜಾಸ್ತಿ ಸೋರುತ್ತಿದ್ದರೆ ಸ್ಪಂಜಿನಂಥ ಫೋಮ್ ಅಥವಾ ಆಲ್ಜಿನೇಟ್. ಆಲ್ಜಿನೇಟನ್ನು ಕಡಲ ಪಾಚಿಯಿಂದ ಮಾಡುತ್ತಾರೆ, ರಸಿಗೆ ಹೀರಿಕೊಂಡು ಮೆತ್ತಗೆ ಜೆಲ್ ಆಗುತ್ತದೆ. ಅದನ್ನೇ ಒಣ ಹುಣ್ಣಿಗೆ ಹಾಕಿದರೆ ಅಂಟಿಕೊಂಡು ಕೂರುತ್ತದೆ. ಅಲ್ಲಿ ತೇವ ಕೊಡುವ ಹೈಡ್ರೋಜೆಲ್ ಬೇಕು. ಸ್ವಲ್ಪವೇ ಸೋರುವ ಹುಣ್ಣಿಗೆ ಹೈಡ್ರೋಕೊಲಾಯ್ಡ್, ಅಂದರೆ ರಸಿಗೆ ತಾಗಿದರೆ ಜೆಲ್ ಆಗುವ ಅಂಟು ಹಾಳೆ ಒಳ್ಳೆಯದು, ಕೆಲವು ದಿನ ಬಿಚ್ಚದೆ ಬಿಡಬಹುದು. ಬಿಚ್ಚಿದಾಗ ಹಳದಿ ಜೆಲ್, ಒಂಥರಾ ವಾಸನೆ ಇರುತ್ತದೆ. ಕೀವು ಅಂತ ಮನೆಯವರು ಗಾಬರಿಯಾಗುತ್ತಾರೆ. ತೊಳೆದು ನೋಡಿದರೆ ಅಡಿಯಲ್ಲಿ ಎಷ್ಟೋ ಸಲ ಕೆಂಪಗೆ, ಆರೋಗ್ಯವಾಗಿರುತ್ತದೆ.

ಬೆಳ್ಳಿ ಇರುವ ಡ್ರೆಸಿಂಗ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಸಾಲ ಮಾಡಿ ತಂದವರನ್ನೂ ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಶುಗರ್ ಇರುವವರ ಪಾದದ ಹುಣ್ಣು ಮಾಯಲಿ ಅಂತ ಬೆಳ್ಳಿಯನ್ನಾಗಲಿ ಜೇನನ್ನಾಗಲಿ ಬಳಸಬೇಡಿ ಎಂದೇ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ರಸಿಗೆ, ಆರಾಮ, ಬೆಲೆ ನೋಡಿ ಆರಿಸಿದರೆ ಸಾಕು.

ಆ ದುಡ್ಡು ಹೋಗಬೇಕಾದ್ದು ಪಾದದ ಭಾರ ಇಳಿಸುವುದಕ್ಕೆ. ಅಂಗಾಲು ಮರಗಟ್ಟಿರುತ್ತದೆ, ನೋವೇ ಗೊತ್ತಾಗಲ್ಲ. ಹೊಸ ಫೋಮ್ ಹಾಕಿ ಕಳಿಸಿದ ರೈತರೊಬ್ಬರು ಅದೇ ಕಾಲಲ್ಲಿ ನೇರ ಹೊಲಕ್ಕೆ ನಡೆದಿದ್ದರು. ಪ್ರತಿ ಹೆಜ್ಜೆಗೂ ಹುಣ್ಣು ಜಜ್ಜಿದರೆ ಯಾವ ಡ್ರೆಸಿಂಗ್ ಏನು ಮಾಡೀತು, ಅಲ್ವಾ? ಹುಣ್ಣಿನ ಮೇಲೆ ಭಾರ ಬೀಳದಂತೆ ವೈದ್ಯರು ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿದ ಮೇಲೆಯೇ ಹುಣ್ಣು ಚಿಕ್ಕದಾಗತೊಡಗಿತು. ಹುಣ್ಣು ಮುಚ್ಚಿದ ಮೇಲೆ ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ ಕೊಡಿಸಿದೆವು.

ಕಾಲಿನ ರಕ್ತನಾಳ ಉಬ್ಬಿ (ವೆರಿಕೋಸ್ ವೇನ್) ಕಣಕಾಲ ಹತ್ತಿರ ಆಗುವ ಹುಣ್ಣಿಗೆ ಬಿಗಿ ಪಟ್ಟಿಯೇ ಮುಖ್ಯ ಔಷಧಿ. ಅಡಿಯಲ್ಲಿ ಸಾದಾ ಪ್ಯಾರಾಫಿನ್ ಗಾಜ್ ಇದ್ದರೂ ನಡೆಯುತ್ತದೆ. ಆದರೆ ಕಾಲಿಗೆ ರಕ್ತ ಸರಿಯಾಗಿ ಬರುತ್ತಿದೆಯಾ ಅಂತ ವೈದ್ಯರು ನಾಡಿ ಹಿಡಿದು, ರಕ್ತದ ಹರಿವು ತೋರಿಸುವ ಡಾಪ್ಲರ್‌ನಲ್ಲಿ ನೋಡುವ ಮೊದಲು ಬಿಗಿಯಾಗಿ ಕಟ್ಟಲೇಬೇಡಿ. ರಕ್ತ ಕಡಿಮೆ ಇರುವ ಕಾಲಿಗೆ ಬಿಗಿ ಪಟ್ಟಿ ಕಟ್ಟಿದರೆ ಬೆರಳು ಕಪ್ಪಾಗಬಹುದು.