ಇಂಪ್ಲಾಂಟ್ ಹಲ್ಲಿಗೆ ಸ್ಕ್ರೂ ಹಾಕಬೇಕಾ, ಸಿಮೆಂಟ್ ಹಾಕಬೇಕಾ?

ಇಂಪ್ಲಾಂಟ್ ಅಂದರೆ ದವಡೆಯ ಮೂಳೆಯೊಳಗೆ ಹಾಕುವ ಕೃತಕ ಬೇರು. ಅದರ ಮೇಲೆ ಹಲ್ಲು ಕೂರಿಸುವುದು ನನ್ನ ದಿನನಿತ್ಯದ ಕೆಲಸ. ಪ್ರತಿ ಸಲವೂ ಮೊದಲು ಯೋಚಿಸುವುದು ಒಂದೇ: ಮುಂದೆ ಇದನ್ನು ಬಿಚ್ಚಬೇಕಾಗಿ ಬಂದರೆ ಬಿಚ್ಚೋದು ಹೇಗೆ? ಅದಕ್ಕೇ ಆದಷ್ಟೂ ಸ್ಕ್ರೂ ಹಾಕುತ್ತೇನೆ.

ದೊಡ್ಡ ಕಾರಣ ವಸಡು. ಸಿಮೆಂಟ್ (ಹಲ್ಲು ಅಂಟಿಸುವ ಅಂಟು) ಹಚ್ಚಿ ಕ್ರೌನ್ (ಮೇಲೆ ಕೂರುವ ಕೃತಕ ಹಲ್ಲು) ಒತ್ತಿದಾಗ ಜಾಸ್ತಿಯಾದದ್ದು ವಸಡಿನ ಕೆಳಗೆ ಇಳಿಯುತ್ತದೆ. ಕ್ರೌನಿನ ಅಂಚು ಆಳದಲ್ಲಿದ್ದರೆ ಅದನ್ನು ಪೂರ್ತಿ ತೆಗೆಯುವುದು ಬಹಳ ಕಷ್ಟ. ಎಕ್ಸ್‌ರೇಯಲ್ಲೂ ಎಲ್ಲಾ ಕಾಣಿಸುವುದಿಲ್ಲ. ಉಳಿದ ಚೂರಿನ ಮೇಲೆ ಬ್ಯಾಕ್ಟೀರಿಯಾ ಬೆಳೆದು ವಸಡು ಊದಿಕೊಳ್ಳುತ್ತದೆ, ಕೀವು ಬರುತ್ತದೆ, ಇಂಪ್ಲಾಂಟ್ ಸುತ್ತಲಿನ ಮೂಳೆ ಕರಗತೊಡಗುತ್ತದೆ. ಕೆಲವೊಮ್ಮೆ ಇದು ಗೊತ್ತಾಗುವುದು ವರ್ಷಗಳ ಮೇಲೆ. ಗಟ್ಟಿಯಾಗಿ ಕೂತಿದ್ದ ಇಂಪ್ಲಾಂಟ್ ಇಷ್ಟೇ ಇಷ್ಟು ಸಿಮೆಂಟಿನಿಂದ ಹಾಳಾದರೆ ಹೊಟ್ಟೆ ಉರಿಯುತ್ತದೆ. ಬಾಯೊಳಗೆ ಸಿಮೆಂಟೇ ಬಳಸದಿದ್ದರೆ ಈ ಭಯವಿಲ್ಲ. ಎದುರು ಹಲ್ಲಿನ ನಡುವೆ ಜಾಗ ಕಡಿಮೆ ಇದ್ದಾಗಲೂ ಸ್ಕ್ರೂ ವಾಸಿ. ಇಂಪ್ಲಾಂಟಿಗೂ ಕ್ರೌನಿಗೂ ನಡುವೆ ಕೂರುವ ಅಬಟ್‌ಮೆಂಟ್ ಗಿಡ್ಡವಾದರೆ ಅದರ ಮೇಲೆ ಸಿಮೆಂಟಿಗೆ ಹಿಡಿತ ಸಿಗುವುದಿಲ್ಲ.

ಹಾಗಂತ ಸ್ಕ್ರೂ ಸಲೀಸಲ್ಲ. ಕ್ರೌನಿನಲ್ಲಿ ತೂತು ಬೇಕೇ ಬೇಕು, ಅದರ ಸುತ್ತ ಪೋರ್ಸಲಿನ್ ಒಡೆಯುವ ಸಾಧ್ಯತೆಯೂ ಇದೆ. ಮುಂದಿನ ಹಲ್ಲಿನಲ್ಲಿ ಇಂಪ್ಲಾಂಟ್ ತುಟಿಯ ಕಡೆಗೆ ವಾಲಿದ್ದರಂತೂ ತೂತು ಎದುರಿಗೇ ಬರುತ್ತದೆ. ಓರೆಯಾದ ಸ್ಕ್ರೂ ದಾರಿ ಇಟ್ಟು ಸುಮಾರು 25 ಡಿಗ್ರಿವರೆಗೆ ಸುಧಾರಿಸಬಹುದು. ಆದರೆ ಇದನ್ನು ಸರ್ಜರಿಗೆ ಮೊದಲೇ ತೀರ್ಮಾನಿಸಬೇಕು. ಇಂಪ್ಲಾಂಟ್ ಹಾಕುವವರೂ ಹಲ್ಲು ಕೂರಿಸುವವರೂ ಬೇರೆ ಬೇರೆ ಆಗಿದ್ದರೆ ದಯವಿಟ್ಟು ಮುಂಚೆಯೇ ಮಾತಾಡಿಕೊಳ್ಳಿ.

ಹಲವು ಇಂಪ್ಲಾಂಟ್ ಸೇರಿಸಿದ ಬ್ರಿಡ್ಜ್ (ಒಂದಕ್ಕೊಂದು ಜೋಡಿಸಿದ ಹಲ್ಲುಗಳ ಸಾಲು) ಆದರೆ ಒಂದು ತುದಿಯ ಸ್ಕ್ರೂ ಮಾತ್ರ ಬಿಗಿದು ಇನ್ನೊಂದು ತುದಿ ಏಳುತ್ತದಾ ನೋಡಿ. ಎದ್ದರೆ ಬ್ರಿಡ್ಜ್ ಸರಿಯಾಗಿ ಕೂತಿಲ್ಲ ಅಂತ ಅರ್ಥ; ಬಲವಂತವಾಗಿ ಬಿಗಿಯಬೇಡಿ, ಕತ್ತರಿಸಿ ಮತ್ತೆ ಜೋಡಿಸಲು ಲ್ಯಾಬಿಗೆ ಕಳಿಸಿ.

ಸ್ಕ್ರೂ ಸಡಿಲವಾಗುವುದು ಇನ್ನೊಂದು ತಲೆನೋವು. ಕೈಯಂದಾಜು ಸಾಲದು, ಎಷ್ಟು ಬಲದಿಂದ ಬಿಗಿಯುತ್ತಿದ್ದೇವೆ ಅಂತ ತೋರಿಸುವ ಟಾರ್ಕ್ ರೆಂಚ್ ಬೇಕು. ಇಂಪ್ಲಾಂಟಿಗೇ ನೇರ ಕೂರುವ ಎಷ್ಟೋ ಸ್ಕ್ರೂಗಳಿಗೆ 30ರಿಂದ 35 ನ್ಯೂಟನ್ ಸೆಂಟಿಮೀಟರ್, ಬ್ರಿಡ್ಜಿಗೆ ಬಳಸುವ ಮಲ್ಟಿ ಯೂನಿಟ್ ಅಬಟ್‌ಮೆಂಟ್ ಮೇಲಿನ ಸಣ್ಣ ಸ್ಕ್ರೂಗೆ ಸಾಮಾನ್ಯವಾಗಿ 15. ಕಂಪನಿ ಕೊಟ್ಟ ಅಂಕಿಯೇ ಕೊನೆ ಮಾತು. ಬಿಗಿದು ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಬಿಗಿಯಿರಿ. ಲೋಹದ ಮೇಲ್ಮೈ ಒತ್ತಿ ಕೂತಾಗ ಬಿಗಿ ಸ್ವಲ್ಪ ಇಳಿದಿರುತ್ತದೆ. ಆಮೇಲೆ ಸ್ಕ್ರೂ ತಲೆಯ ಮೇಲೆ ಟೆಫ್ಲಾನ್ ಟೇಪ್, ಅದರ ಮೇಲೆ ತೂತು ಮುಚ್ಚಲು ಕಾಂಪೋಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್).

"ಡಾಕ್ಟ್ರೇ, ಹಲ್ಲು ಅಲ್ಲಾಡ್ತಿದೆ" ಅಂತ ಬರುವವರಲ್ಲಿ ಎಷ್ಟೋ ಸಲ ಸಡಿಲವಾಗಿರುವುದು ಸ್ಕ್ರೂ, ಇಂಪ್ಲಾಂಟ್ ಅಲ್ಲ. ಕಾಂಪೋಸಿಟ್ ತೆಗೆದು ಬಿಚ್ಚಿ, ಮೇಲಿನ ಕೆಳಗಿನ ಹಲ್ಲು ಕಚ್ಚುವ ರೀತಿ ಪರೀಕ್ಷಿಸಿ, ಹೊಸ ಸ್ಕ್ರೂ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಸಿಮೆಂಟ್ ಕ್ರೌನ್ ಆದರೆ ಅದನ್ನೇ ಕೊರೆಯಬೇಕಾಗಬಹುದು. ಇಂಪ್ಲಾಂಟಿನ ಕಂಪನಿ, ಅಳತೆ, ಸ್ಕ್ರೂ ವಿವರ ಬರೆದು ರೋಗಿಯ ಕೈಗೇ ಕೊಡಿ. ಕಂಪನಿಗೊಂದು ಥರ ಡ್ರೈವರ್ ಇರುತ್ತದೆ, ಮುಂದೆ ಬಿಚ್ಚುವವರು ಬೇರೆ ಡಾಕ್ಟರ್ ಆಗಿರಬಹುದು ಅಲ್ವಾ?