ಹತ್ತು ನಿಮಿಷದ ಲೆಕ್ಕ

ಗೇಟಿನಲ್ಲಿ ನಿಂತ ವಿಮಾನ ಕಾಸು ದುಡಿಯೋದಿಲ್ಲ. ಅಮೆರಿಕದ ಟೆಕ್ಸಾಸ್‌ನ ವಿಮಾನ ಕಂಪನಿ ಸೌತ್‌ವೆಸ್ಟ್ ಇದನ್ನು ಕಲಿತಿದ್ದು ಜೇಬು ಖಾಲಿಯಾದಾಗ. 1972ರಲ್ಲಿ ಇದ್ದ ನಾಲ್ಕು ಬೋಯಿಂಗ್ 737ಗಳಲ್ಲಿ ಒಂದನ್ನು ಮಾರಬೇಕಾಯ್ತು. ನಾಲ್ಕರ ವೇಳಾಪಟ್ಟಿಯನ್ನು ಮೂರರಲ್ಲೇ ನಡೆಸಬೇಕಿತ್ತು. ಉಳಿದಿದ್ದು ಒಂದೇ ದಾರಿ: ಇಳಿಸಿ, ಹತ್ತಿಸಿ, ಹತ್ತೇ ನಿಮಿಷದಲ್ಲಿ ಗೇಟು ಬಿಡೋದು.

ಆಗ ಸೀಟು ನಂಬರ್ ಇರಲಿಲ್ಲ, ಊಟದ ಟ್ರಾಲಿ ಇರಲಿಲ್ಲ. ಕ್ಯಾಬಿನ್ ಸಿಬ್ಬಂದಿಯೇ ಕಸ ಎತ್ತಿ, ಬೆಲ್ಟ್ ಸರಿಮಾಡಬೇಕಿತ್ತು. ಅಗತ್ಯ ಬಿದ್ದರೆ ಪೈಲಟ್ಟೂ ಬ್ಯಾಗಿಗೆ ಕೈ ಹಾಕಬೇಕಿತ್ತು.

ಅದಕ್ಕಿಂತ ನನಗೆ ಹಿಡಿಸೋದು ಅವರ ವಿಳಂಬದ ಲೆಕ್ಕ. ಸಾಮಾನ್ಯವಾಗಿ ಪ್ರತಿ ತಡವನ್ನೂ ಯಾವುದಾದರೂ ಒಂದು ವಿಭಾಗದ ತಲೆಗೆ ಕಟ್ಟುತ್ತಾರೆ. ಆಗ ಇಂಧನದವರು, ಬ್ಯಾಗಿನವರು, ಗೇಟಿನವರು ಕೆಲಸ ಬಿಟ್ಟು 'ನಮ್ಮದಲ್ಲ' ಅನ್ನೋಕೆ ಸಾಕ್ಷಿ ಹುಡುಕ್ತಾ ಕೂರ್ತಾರೆ. ಸೌತ್‌ವೆಸ್ಟ್ 'ಟೀಮ್ ಡಿಲೇ', ಅಂದರೆ ಇಡೀ ತಂಡದ ತಡ, ಅಂತಲೇ ಒಂದು ಕೋಡ್ ತಂದಿತು. ಬೈಯೋಕೆ ಯಾರೂ ಸಿಗದಿದ್ದರೆ ಮಾತು ಕಾರಣದ ಕಡೆ ತಿರುಗುತ್ತೆ, ಅಷ್ಟೇ.

ಹಾಗಂತ ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. 2022ರ ಡಿಸೆಂಬರ್ ಹಿಮಗಾಳಿಯಲ್ಲಿ ಇದೇ ಕಂಪನಿ 16,000ಕ್ಕೂ ಹೆಚ್ಚು ಹಾರಾಟ ರದ್ದು ಮಾಡಿತು. ಸಿಬ್ಬಂದಿ ಹಂಚುವ ವ್ಯವಸ್ಥೆ ಹಳತಾಗಿದೆ ಅಂತ ಪೈಲಟ್ ಸಂಘ ಮೊದಲೇ ಬಡಕೊಂಡಿತ್ತು. ಕೊನೆಗೆ ತಾವು ಯಾವ ಊರಲ್ಲಿದ್ದೀವಿ ಅಂತ ಹೇಳೋಕೂ ಸಿಬ್ಬಂದಿ ಗಂಟೆಗಟ್ಟಲೆ ಫೋನ್ ಹಿಡಿದು ಕಾಯಬೇಕಾಯ್ತು.