3ಎ ಮಾತ್ರ ಯಾಕೆ ಆದೇಶ?

12 ನವೆಂಬರ್ 2025, ಬುಧವಾರ ರಾತ್ರಿ

ಲ್ಯಾಬ್ ಬಾಗಿಲು ಹಾಕುವ ಹೊತ್ತಿಗೆ 8085 ಮೈಕ್ರೋಪ್ರೊಸೆಸರ್ ಚಿಪ್ ಬಗ್ಗೆ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಇನ್ನೂ ತಲೆ ಬಿಟ್ಟು ಹೋಗಿಲ್ಲ. "3ಎ, 50, 20 ಮೂರೂ ಬೈಟ್ ಅದೇ ಮೆಮೊರಿಯಿಂದ, ಅದೇ ತಂತಿಗಳ ಮೇಲೆ ಬರುತ್ತವೆ. 3ಎ ಆದೇಶ, 50 ವಿಳಾಸದ ಅರ್ಧ ಅಂತ 8085ಗೆ ಹೇಗೆ ಗೊತ್ತಾಗುತ್ತೆ?"

ಬೈಟ್ ನೋಡಿದರೆ ಗೊತ್ತಾಗುವುದೇ ಇಲ್ಲ. ಕಂಟ್ರೋಲ್ ಯೂನಿಟ್ ಲೆಕ್ಕ ಇಡುವುದು ಸರದಿಯನ್ನು: ಇದು ಎಷ್ಟನೇ ಮಷೀನ್ ಸೈಕಲ್ (ಮೆಮೊರಿಗೆ ಒಂದು ಸಲ ಹೋಗಿಬರುವ ಸರದಿ), ಅದರಲ್ಲಿ ಎಷ್ಟನೇ ಟಿ-ಸ್ಟೇಟ್ (ಒಂದು ಕ್ಲಾಕ್ ಬಡಿತ).

ಎಲ್‌ಡಿಎ 2050 ತಗೊಳ್ಳಿ, 2050 ವಿಳಾಸದ ಬೈಟನ್ನು ಅಕ್ಯುಮುಲೇಟರ್ ಎಂಬ ರಿಜಿಸ್ಟರಿಗೆ ತರುವ ಆದೇಶ. ಮೆಮೊರಿಯಲ್ಲಿ ಕೂತಿರುವುದು ಹೆಕ್ಸ್ ಲೆಕ್ಕದಲ್ಲಿ 3ಎ, 50, 20; ವಿಳಾಸದ ಕೆಳಗಿನ ಅರ್ಧ ಮೊದಲು. ಟಿ1ರಲ್ಲಿ ಮುಂದೆ ಓದಬೇಕಾದ ಜಾಗ ನೆನಪಿಡುವ ಪ್ರೋಗ್ರಾಂ ಕೌಂಟರಿನ ವಿಳಾಸ ಹೊರಗೆ ಬರುತ್ತದೆ. ಎಎಲ್‌ಇ (ವಿಳಾಸ ಹಿಡಿದುಕೋ ಅನ್ನುವ ಸಂಕೇತ) ಎದ್ದು ಇಳಿಯುವಾಗ 74ಎಲ್‌ಎಸ್373 ಲ್ಯಾಚ್ ಚಿಪ್ ವಿಳಾಸದ ಕೆಳಗಿನ 8 ಬಿಟ್ ಹಿಡಿದಿಟ್ಟುಕೊಳ್ಳುತ್ತದೆ. ಟಿ2ರಲ್ಲಿ ಆರ್‌ಡಿ (ಓದು ಅನ್ನುವ ಸಂಕೇತ) ಕೆಳಗಿಳಿಯುತ್ತದೆ. ಟಿ3ರಲ್ಲಿ 3ಎ ಒಳಗೆ ಬಂತು. ಮೊದಲ ಸೈಕಲ್ ಆದ್ದರಿಂದ ಅದು ಇನ್‌ಸ್ಟ್ರಕ್ಷನ್ ರಿಜಿಸ್ಟರಿಗೆ ಹೋಯಿತು, ಬೇರೆ ಕಾರಣ ಇಲ್ಲ. ಟಿ4 ಡಿಕೋಡ್‌ಗೆ. ಆಮೇಲೆ ತಲಾ 3 ಟಿ-ಸ್ಟೇಟಿನ ಮೂರು ಸೈಕಲ್: 50 ಝಡ್‌ಗೆ, 20 ಡಬ್ಲ್ಯೂಗೆ (ಎರಡೂ ಚಿಪ್ಪಿನೊಳಗಿನ ತಾತ್ಕಾಲಿಕ ರಿಜಿಸ್ಟರುಗಳು). ಕೊನೆಯದರಲ್ಲಿ ವಿಳಾಸ ಕೊಡುವುದು ಪ್ರೋಗ್ರಾಂ ಕೌಂಟರ್ ಅಲ್ಲ, ಈ ಡಬ್ಲ್ಯೂ-ಝಡ್ ಜೋಡಿ. ಬಂದ ಬೈಟ್ ಅಕ್ಯುಮುಲೇಟರಿಗೆ. ಒಟ್ಟು 13 ಟಿ-ಸ್ಟೇಟ್. 6 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿದ್ದರೆ ಒಳಗೆ ಅದು ಅರ್ಧವಾಗಿ 3, ಅಂದರೆ 4.33 ಮೈಕ್ರೋಸೆಕೆಂಡ್.

ಸರದಿ ತಪ್ಪಿದರೆ? ಈ ಆದೇಶಕ್ಕೆ ಹಾರಿಬರುವ ಜಂಪ್ ವಿಳಾಸ ಒಂದೇ ಒಂದು ಹೆಚ್ಚು ಬರೆದಿದ್ದೀರಿ ಅಂದುಕೊಳ್ಳಿ. ಈಗ 50 ಮೊದಲ ಸೈಕಲ್‌ನಲ್ಲಿ ಬರುತ್ತದೆ. 50 ಅಂದರೆ ಮೂವ್ ಡಿ, ಬಿ: ಬಿ ರಿಜಿಸ್ಟರಿನದನ್ನು ಡಿಗೆ ನಕಲು ಮಾಡು. ಡಿ ಹಾಳಾಯಿತು. ಮುಂದಿನ 20 ಅಂದರೆ ರಿಮ್, ಇಂಟರಪ್ಟ್ ಮಾಸ್ಕ್ ಓದುವ ಆದೇಶ. ಅಕ್ಯುಮುಲೇಟರಿನಲ್ಲಿದ್ದದ್ದು ಹೋಗಿ ಇಂಟರಪ್ಟ್ ಮಾಸ್ಕ್ ಬಂದು ಕೂತಿತು. ಯಾವ ದೂರೂ ಇಲ್ಲದೆ ಪ್ರೋಗ್ರಾಂ ಮುಂದೆ ಓಡುತ್ತಲೇ ಇರುತ್ತದೆ. ಮಕ್ಕಳು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಇಲ್ಲೇ, ನೋಡಿದರೆ ಸಂಕಟವಾಗುತ್ತದೆ.

29ನೇ ಪಿನ್ನಿಗೆ ಪ್ರೋಬ್ ಇಟ್ಟರೆ ಸಾಕು. ಅದು ಎಸ್0; ಈಗ ನಡೆಯುತ್ತಿರುವುದು ಯಾವ ಬಗೆಯ ಸೈಕಲ್ ಅಂತ ಹೇಳುವ ಪಿನ್ನುಗಳಲ್ಲಿ ಒಂದು, ಎಸ್1 ಇನ್ನೊಂದು. ಆಪ್‌ಕೋಡ್ (ಆದೇಶದ ಮೊದಲ ಬೈಟ್) ತರುವಾಗ ಎಸ್1, ಎಸ್0 ಎರಡೂ 1. ಬರೀ ಮೆಮೊರಿ ಓದುವಾಗ ಎಸ್0 ಸೊನ್ನೆ. ಎಲ್‌ಡಿಎ ಸರಿಯಾಗಿ ನಡೆದರೆ ಒಂದು ಸಲ ಮೇಲೆ, ಮೂರು ಸಲ ಕೆಳಗೆ. 50 ಬಂದಾಗ ಎಸ್0 ಮೇಲಿದ್ದರೆ ಕಳ್ಳ ಸಿಕ್ಕ ಹಾಗೆ.

ಆದರೆ 3 ಮೆಗಾಹರ್ಟ್ಸ್‌ನಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ ಅಂದಳು ಆ ವಿದ್ಯಾರ್ಥಿನಿ. ನಿಜ. ಅದಕ್ಕೇ 35ನೇ ಪಿನ್, ರೆಡಿ. ಟಿ2ರಲ್ಲಿ ಅದು ಕೆಳಗಿದ್ದರೆ ಚಿಪ್ ಟಿ3ಗೆ ಹೋಗದೆ ಕಾಯುತ್ತದೆ, ವಿಳಾಸ ಬಸ್ ಮೇಲೆ ಹಾಗೇ ನಿಂತಿರುತ್ತದೆ. ನಾಳೆ ಅಲ್ಲೊಂದು ಫ್ಲಿಪ್‌ಫ್ಲಾಪ್, ಒಂದು ಬಟನ್, ಬಸ್‌ಗೆ ಎಲ್‌ಇಡಿ ಸಾಲು ಹಾಕಿ, ಒತ್ತಿದಾಗೆಲ್ಲ ಒಂದೊಂದೇ ಸೈಕಲ್ ನಡೆಸಿ ತೋರಿಸಬೇಕು.